ಸ್ಯಾಟಿನ್ ಮದುವೆ ಗೌನು: ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಯಾಟಿನ್ ಗೌನಿನ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿದ್ದೇವೆ.

ಪ್ರಶ್ನೆ: ತೆಳುವಾದ ಭುಜಪಟ್ಟಿಯ, ಮೈಗೆ ಅಂಟಿಕೊಂಡಂತೆ ಸರಸರನೆ ಇಳಿಯುವ ಸ್ಯಾಟಿನ್ ಗೌನಿನ ಚಿತ್ರವೊಂದು ಮಗಳ ಮನಸ್ಸಿಗೆ ಹಿಡಿಸಿದೆ. ಅಂಗಡಿಯವರು ತೋರಿಸಿದ್ದು ದಪ್ಪನೆಯ, ಬಿರುಸು ಬಟ್ಟೆ. 'ಇದೂ ಸ್ಯಾಟಿನ್ನೇ, ಹೊಲಿದ ಮೇಲೆ ಹಾಗೇ ಬೀಳುತ್ತದೆ' ಅನ್ನುತ್ತಾರೆ. ನಂಬಬಹುದೇ?

ಉತ್ತರ: ಅದು ಸ್ಯಾಟಿನ್ ಎನ್ನುವುದು ನಿಜ, ಹಾಗೇ ಬೀಳುತ್ತದೆ ಎನ್ನುವುದು ಸುಳ್ಳು. ಸ್ಯಾಟಿನ್ ಒಂದು ನೇಯ್ಗೆ. ಅದನ್ನು ರೇಷ್ಮೆಯಲ್ಲೂ ನೇಯುತ್ತಾರೆ, ಪಾಲಿಯೆಸ್ಟರ್‌ನಲ್ಲೂ ನೇಯುತ್ತಾರೆ, ಮರದ ತಿರುಳಿನಿಂದ ಮಾಡುವ ಅಸಿಟೇಟ್, ವಿಸ್ಕೋಸ್ ನೂಲುಗಳಲ್ಲೂ ನೇಯುತ್ತಾರೆ. ಸಾದಾ ನೇಯ್ಗೆಯಲ್ಲಿ ಹಾಸಿನ (ಉದ್ದದ) ಎಳೆ ಒಂದು ಹೊಕ್ಕಿನ (ಅಡ್ಡ ಎಳೆಯ) ಮೇಲೆ, ಮತ್ತೊಂದರ ಕೆಳಗೆ ಹೀಗೆ ಸಾಗುತ್ತದೆ. ಸ್ಯಾಟಿನ್‌ನಲ್ಲಿ ಹಾಸಿನ ಎಳೆ ನಾಲ್ಕು ಹೊಕ್ಕುಗಳ ಮೇಲೆ, ಕೆಲವು ಬಗೆಯಲ್ಲಿ ಏಳರ ಮೇಲೆ, ತೇಲಿ ಹೋಗಿ ಒಂದರ ಕೆಳಗೆ ಮಾತ್ರ ಮುಳುಗುತ್ತದೆ. ಹೊಳಪು ಬರುವುದು ತೇಲುವ ಈ ಎಳೆಗಳಿಂದ. ಉಂಗುರಕ್ಕೋ ಉಗುರಿಗೋ ಸಿಕ್ಕಿ ಎದ್ದು ಬರುವುದೂ ಇವೇ ಎಳೆಗಳು.

ನಿಮ್ಮ ಮಗಳು ನೋಡಿದ್ದು ಬಹುಶಃ ಚಾರ್ಮ್ಯೂಸ್. ಇದು ಹಗುರ, ಜಾರುವ ಸ್ಯಾಟಿನ್. ರೇಷ್ಮೆಯ ತೂಕವನ್ನು ಮಾಮ್ಮೆ ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಮಾಮ್ಮೆ ಎಂದರೆ ಚದರ ಮೀಟರಿಗೆ ಸುಮಾರು 4.3 ಗ್ರಾಂ. ಬ್ಲೌಸ್, ರಾತ್ರಿಯುಡುಪುಗಳಿಗೆ ಬರುವ ಚಾರ್ಮ್ಯೂಸ್ 16ರಿಂದ 19 ಮಾಮ್ಮೆ ಇರುತ್ತದೆ. ಗೌನಿಗೆ 19ಕ್ಕಿಂತ ಕಡಿಮೆ ಬೇಡ, 22 ಸಿಕ್ಕರೆ ಇನ್ನೂ ಒಳ್ಳೆಯದು. ಅದಕ್ಕಿಂತ ತೆಳುವಾದರೆ ಒಳಉಡುಪಿನ ಅಂಚು, ಹೊಕ್ಕುಳಿನ ಗುಳಿ ಎಲ್ಲವೂ ಕಾಣುತ್ತದೆ. ಅಂಗಡಿಯವರು ತೋರಿಸಿದ್ದು ಡಚೆಸ್ ಇರಬೇಕು. ಅದು ಚದರ ಮೀಟರಿಗೆ 150ರಿಂದ 250 ಗ್ರಾಂ ತೂಗುವ ಬಿಗಿ ನೇಯ್ಗೆ. ಅಗಲ ನೆರಿಗೆಯ ಲಂಗ, ಬಿಗಿಯಾದ ಕುಪ್ಪಸ, ದೊಡ್ಡ ಬೋ ಇವಕ್ಕೆಲ್ಲ ಹೇಳಿ ಮಾಡಿಸಿದ ಬಟ್ಟೆ. ಇಳಿಬೀಳುವ ಗೌನಿಗೆ ಮಾತ್ರ ಆಗದು. ಇವೆರಡರ ನಡುವೆ ಕ್ರೇಪ್-ಬ್ಯಾಕ್ ಸ್ಯಾಟಿನ್ ಇದೆ. ಅದರ ಒಂದು ಮುಖ ಹೊಳೆಯುತ್ತದೆ, ಇನ್ನೊಂದು ಮುಖ ಮಂಕು. ಮೊದಲ ಸಲ ಸ್ಯಾಟಿನ್ ಗೌನು ಹೊಲಿಸುವವರಿಗೆ ನಮ್ಮ ಶಿಫಾರಸು ಇದೇ. ತಕ್ಕಷ್ಟು ತೂಕವಿರುವುದರಿಂದ ಚೆನ್ನಾಗಿ ಬೀಳುತ್ತದೆ, ಚಾರ್ಮ್ಯೂಸ್‌ನಷ್ಟು ಚಾಡಿ ಹೇಳುವುದಿಲ್ಲ. ಮಿಕಾಡೊ ಎಂಬ ಬಟ್ಟೆಯನ್ನೂ ಸ್ಯಾಟಿನ್ ಸಾಲಿನಲ್ಲೇ ಇಟ್ಟಿರುತ್ತಾರೆ. ಅದು ಹೆಚ್ಚಾಗಿ ಟ್ವಿಲ್, ಅಂದರೆ ಓರೆ ಗೆರೆ ಮೂಡುವ ನೇಯ್ಗೆ. ಹೊಳಪು ಮೃದು, ಮೈ ಗಟ್ಟಿ.

ಅಂಗಡಿಯಲ್ಲಿ ಬಟ್ಟೆಯನ್ನು ಥಾನಿನ ಮೇಲೆ ಸವರಿ ನೋಡಿದರೆ ಏನೂ ತಿಳಿಯದು. ಒಂದು ಮೀಟರಿನಷ್ಟು ಬಿಚ್ಚಿಸಿ, ನಡುವಿನಲ್ಲಿ ಎರಡೇ ಬೆರಳಲ್ಲಿ ಹಿಡಿದು ಮೇಲೆತ್ತಿ. ಮಡಿಕೆಗಳು ಒಂದಕ್ಕೊಂದು ಅಂಟಿ ನೇರ ಇಳಿದರೆ ಮಗಳು ಕೇಳಿದ ಗೌನಿಗೆ ಸರಿ. ಡೇರೆಯ ಹಾಗೆ ಅಗಲಿಸಿ ನಿಂತರೆ ಅದು ಲಂಗದ ಬಟ್ಟೆ. ಆಮೇಲೆ ಒಂದು ಮೂಲೆಯನ್ನು ಮುಷ್ಟಿಯಲ್ಲಿ ಅರ್ಧ ನಿಮಿಷ ಹಿಂಡಿ ಬಿಡಿ. ಉಳಿಯುವ ಸುಕ್ಕೇ ಕಾರಿನಿಂದ ಇಳಿದಾಗ ಗೌನಿನ ಹಿಂಭಾಗದಲ್ಲಿ ಕಾಣುವ ಸುಕ್ಕು. (1981ರಲ್ಲಿ ಬ್ರಿಟನ್ನಿನ ಡಯಾನಾ ತಮ್ಮ ಮದುವೆಗೆ ಸಾರೋಟಿನಿಂದ ಇಳಿದಾಗ ಗೌನಿನ ಹಿಂದೆ ಎಳೆದು ಬರುವ ಸುಮಾರು 25 ಅಡಿ ಉದ್ದದ ಸೆರಗು ಮುದ್ದೆಯಾಗಿದ್ದನ್ನು ಜಗತ್ತೇ ಕಂಡಿತು. ಅದು ರೇಷ್ಮೆಯ ಟಫೆಟಾ. ಸುಕ್ಕಿನ ವಿಷಯದಲ್ಲಿ ಸ್ಯಾಟಿನ್‌ಗಿಂತ ಒಂದು ಕೈ ಮೇಲು.)

ಇಳಿಬೀಳುವ ಗೌನನ್ನು ಕ್ರಾಸ್‌ನಲ್ಲಿ, ಅಂದರೆ 45 ಡಿಗ್ರಿ ಓರೆಯಲ್ಲಿ ಕತ್ತರಿಸಬೇಕು. 140 ಸೆಂ.ಮೀ. ಪನ್ನದ (ಅಗಲದ) ಬಟ್ಟೆ 4ರಿಂದ 4.5 ಮೀಟರ್ ಹಿಡಿಯುತ್ತದೆ. ಕೆಳಗೆ ಹೋದಂತೆ ಅಗಲವಾಗುವ ಸಾಧಾರಣ ಎ-ಲೈನ್ ಗೌನಿಗೂ ಹೆಚ್ಚುಕಮ್ಮಿ ಅಷ್ಟೇ ಸಾಕು. ತುಂಬು ನೆರಿಗೆಯ ಲಂಗಕ್ಕೆ 7 ಮೀಟರಿಗೆ ಕಮ್ಮಿ ಆಗದು. ಬೇಕಾದಷ್ಟನ್ನೂ ಒಂದೇ ಥಾನಿನಿಂದ, ಒಂದೇ ದಿನ ಕತ್ತರಿಸಿ ತನ್ನಿ. ಬೇರೆ ಸಲ ಬಣ್ಣ ಹಾಕಿದ ಥಾನಿನ ಬಿಳುಪು ಕೂದಲೆಳೆಯಷ್ಟು ಬೇರೆಯಿದ್ದರೂ ಸ್ಯಾಟಿನ್‌ನಲ್ಲಿ ತೋರುತ್ತದೆ.

ಪ್ರಶ್ನೆ: ಚೀಟಿಯಲ್ಲಿ 'ಸಿಲ್ಕಿ ಸ್ಯಾಟಿನ್' ಎಂದಿದೆ. ರೇಷ್ಮೆಯೋ ಅಲ್ಲವೋ ತಿಳಿಯುವುದು ಹೇಗೆ? ರೇಷ್ಮೆಯೇ ಆಗಬೇಕೇ?

ಉತ್ತರ: 'ಸಿಲ್ಕಿ' ಎಂದು ಬರೆದಿದ್ದರೆ ಸಾಮಾನ್ಯವಾಗಿ ಪಾಲಿಯೆಸ್ಟರ್ ಎಂದೇ ತಿಳಿಯಿರಿ. ಖಾತ್ರಿಯಾಗಬೇಕಾದರೆ ಅಂಚಿನಿಂದ ನಾಲ್ಕಾರು ಎಳೆ ಬಿಡಿಸಿ, ಚಿಮುಟದಲ್ಲಿ ಹಿಡಿದು, ಕೆಳಗೆ ತಟ್ಟೆಯಿಟ್ಟು ಸುಟ್ಟು ನೋಡಿ. ಹಾಸು, ಹೊಕ್ಕು ಎರಡನ್ನೂ ಬೇರೆ ಬೇರೆಯಾಗಿ ಸುಡಿ, ಮಿಶ್ರ ಬಟ್ಟೆಯ ಗುಟ್ಟು ಆಗಲೇ ರಟ್ಟಾಗುವುದು. ರೇಷ್ಮೆಗೆ ಕೂದಲು ಸುಟ್ಟ ವಾಸನೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ, ಪುಡಿಯಾಗುವುದಿಲ್ಲ. ವಿಸ್ಕೋಸ್‌ಗೆ ಕಾಗದ ಸುಟ್ಟ ವಾಸನೆ. ಅಸಿಟೇಟ್ ಕರಗುವಾಗ ವಿನೆಗರಿನ ಹುಳಿ ವಾಸನೆ ಬರುತ್ತದೆ. ಬಟ್ಟೆ ಅಸಿಟೇಟ್ ಆಗಿದ್ದರೆ ಮದುಮಗಳ ಕೋಣೆಯಲ್ಲಿ ನೈಲ್ ಪಾಲಿಶ್ ತೆಗೆಯುವ ಬಾಟಲಿ ಇಡಲೇಬೇಡಿ. ಅದರಲ್ಲಿರುವ ಅಸಿಟೋನ್ ಒಂದು ಹನಿ ಬಿದ್ದರೂ ಆ ಜಾಗ ಕರಗಿ ತೂತಾಗುತ್ತದೆ.

ರೇಷ್ಮೆಯೇ ಆಗಬೇಕೆಂದಿಲ್ಲ. ರೇಷ್ಮೆ ಬೆವರು ಹೀರುತ್ತದೆ, ಅದರ ಹೊಳಪಿಗೆ ಆಳವಿದೆ. ಆದರೆ ನೀರಿನ ಹನಿಗೂ ಕಲೆ ಹಿಡಿಯುತ್ತದೆ. ಒಳ್ಳೆಯ ಪಾಲಿಯೆಸ್ಟರ್ ಡಚೆಸ್ ಸುಕ್ಕು ಕಡಿಮೆ, ಕಲೆ ಕಡಿಮೆ, ಸೆಕೆ ಜಾಸ್ತಿ. ಇಕ್ಕಟ್ಟಾದರೆ ಹಣವನ್ನು ಲೈನಿಂಗ್‌ಗೆ ಹಾಕಿ. ಹೊರಗೆ ಪಾಲಿಯೆಸ್ಟರ್, ಮೈಗೆ ತಾಗುವ ಕಡೆ ತೆಳು ಹತ್ತಿ ಅಥವಾ ತೆಳು ರೇಷ್ಮೆ ಕೊಟ್ಟರೆ ಇಡೀ ದಿನ ತೊಟ್ಟರೂ ಉಸಿರುಗಟ್ಟದು. ಕಳಪೆ ತೆಳು ರೇಷ್ಮೆಗಿಂತ ಈ ಜೋಡಿ ಎಷ್ಟೋ ವಾಸಿ.

ಪ್ರಶ್ನೆ: ಅಚ್ಚ ಬಿಳುಪೋ, ಕೆನೆ ಬಣ್ಣವೋ?

ಉತ್ತರ: ಹಾಲುಬಿಳುಪಿನ ಪಾಲಿಯೆಸ್ಟರ್‌ಗೆ ಬೆಳ್ಳಗಾಗಿಸುವ ರಾಸಾಯನಿಕ ಸೇರಿರುತ್ತದೆ, ಆದ್ದರಿಂದ ನೇರಳಾತೀತ ಬೆಳಕಿನಲ್ಲಿ ಅದು ನೀಲಿಯಾಗಿ ಬೆಳಗುತ್ತದೆ. ರೇಷ್ಮೆಯ ಸಹಜ ಬಿಳುಪೇ ಸ್ವಲ್ಪ ಕೆನೆಯ ಕಡೆಗಿರುತ್ತದೆ. ಅಂಗೈ ಅಗಲದ ತುಂಡು ಕೇಳಿ ಪಡೆದು ಬಿಸಿಲಲ್ಲಿ, ಟ್ಯೂಬ್‌ಲೈಟಿನಲ್ಲಿ, ಹಳದಿ ಬಲ್ಬಿನಲ್ಲಿ ಮುಖದ ಪಕ್ಕ ಹಿಡಿದು ಫೋಟೋ ತೆಗೆಯಿರಿ. ಫ್ಲ್ಯಾಶ್ ಹಾಕಿ ಒಂದು, ಹಾಕದೆ ಒಂದು. ವೇಲ್, ಚಪ್ಪಲಿ ಆರಿಸುವಾಗಲೂ ಆ ತುಂಡು ಕೈಯಲ್ಲಿರಲಿ. ಎರಡು ಬಿಳುಪು ಅಕ್ಕಪಕ್ಕ ಬಂದರೆ ಕಡಿಮೆ ಬೆಳ್ಳಗಿರುವುದು ಕೊಳೆಯಾದಂತೆ ಕಾಣುತ್ತದೆ. ನೇರ ಫ್ಲ್ಯಾಶಿಗೆ ಹೊಟ್ಟೆಯ ಮೇಲೆ ಹೊಳಪಿನ ಮಚ್ಚೆ ಮೂಡಿದರೆ ಹೊಳಪು ತಗ್ಗಿಸಿದ ಸ್ಯಾಟಿನ್ ಕೇಳಿ. ಒಳಉಡುಪು ಮಾತ್ರ ಬಿಳಿಯದು ಬೇಡ. ಮೈಬಣ್ಣದ್ದಾಗಿರಲಿ, ಅಂಚಿನಲ್ಲಿ ಹೊಲಿಗೆ ಇಲ್ಲದ್ದಾಗಿರಲಿ.

ಪ್ರಶ್ನೆ: ತಂಗಿಯ ಗೌನಿನ ಟ್ರಯಲ್ ಆಯಿತು. ಸೊಂಟದ ಕೆಳಗೆ ಅಡ್ಡ ಸುಕ್ಕು ಬರುತ್ತಿದೆ. ಇಸ್ತ್ರಿ ಮಾಡಿದರೆ ಹೋಗುತ್ತದೆ ಎನ್ನುತ್ತಾರೆ ದರ್ಜಿ. ಬೆನ್ನಿನಲ್ಲೂ ಒಂದು ಮಡಿಕೆ ಕೂರುತ್ತದೆ.

ಉತ್ತರ: ಇಸ್ತ್ರಿ ಮಾಡಿಸಿ, ಗೌನು ಹಾಕಿಸಿ, ತಂಗಿಯನ್ನು ಹತ್ತು ಹೆಜ್ಜೆ ನಡೆಸಿ. ಸುಕ್ಕು ಮತ್ತೆ ಅದೇ ಜಾಗಕ್ಕೆ ಬಂದರೆ ಅದು ಅಳತೆಯ ತಪ್ಪು, ಇಸ್ತ್ರಿಗೆ ಬಗ್ಗದು. ಹತ್ತಿ ಬಟ್ಟೆಯಲ್ಲಿ ಕಣ್ಣಿಗೆ ಬೀಳದ ಅರ್ಧ ಸೆಂಟಿಮೀಟರ್ ತಪ್ಪು ಸ್ಯಾಟಿನ್‌ನಲ್ಲಿ ಬೆಳಕಿನ ಗೆರೆಯಾಗಿ ಎದ್ದು ಕಾಣುತ್ತದೆ.

ಸೊಂಟದ ಕೆಳಗೆ ಅಡ್ಡಲಾಗಿ ಎಳೆದಂತೆ ಸುಕ್ಕು, ಜೊತೆಗೆ ಗೌನು ಮೇಲಕ್ಕೆ ಏರುತ್ತಿದ್ದರೆ ಅಲ್ಲಿ ಬಿಗಿ. ಎರಡೂ ಪಕ್ಕದ ಹೊಲಿಗೆಯಲ್ಲಿ ಸಮನಾಗಿ ಸಡಿಲ ಬಿಡಬೇಕು. ಉದ್ದುದ್ದ ಜೋಲುವ ಮಡಿಕೆಯಾದರೆ ಅಗಲ ಹೆಚ್ಚಾಗಿದೆ. ಎದೆಯ ತುದಿಯಿಂದ ಪಕ್ಕೆಯ ಕಡೆ ಓರೆಯಾಗಿ ಇಳಿಯುವ ಗೆರೆ, ಎದೆಗೆ ಜಾಗ ಸಾಲದು, ಡಾರ್ಟ್ (ಉಬ್ಬಿಗೆ ತಕ್ಕಂತೆ ಬಟ್ಟೆ ಹಿಡಿದು ಹೊಲಿದ ಮಡಿಕೆ) ದೊಡ್ಡದಾಗಬೇಕು ಎನ್ನುತ್ತದೆ. ನೀವು ಹೇಳುವ ಬೆನ್ನಿನ ಮಡಿಕೆ ಸೊಂಟಕ್ಕೆ ಸ್ವಲ್ಪ ಮೇಲೆ ಅಡ್ಡಲಾಗಿ ಕೂತಿದ್ದರೆ ಬೆನ್ನಿನ ಉದ್ದ ಹೆಚ್ಚಾಗಿದೆ ಎಂದರ್ಥ. ಸೊಂಟ ಒಳಕ್ಕೆ ಬಾಗಿದ ಮೈಕಟ್ಟಿನವರಲ್ಲಿ ಇದು ಸಾಮಾನ್ಯ. ನಡುಬೆನ್ನಿನಲ್ಲಿ 1ರಿಂದ 2 ಸೆಂ.ಮೀ. ಹಿಡಿದು ಪಕ್ಕದ ಹೊಲಿಗೆಗೆ ಬರುವಷ್ಟರಲ್ಲಿ ಸೊನ್ನೆಯಾಗುವಂತೆ ಕಳೆಯಬೇಕು.

ತೊಡಕಿರುವುದು ಹೀಗೆ ಸಡಿಲ ಬಿಡುವುದರಲ್ಲಿ. ಸ್ಯಾಟಿನ್‌ನಲ್ಲಿ ಹೊಲಿಗೆ ಬಿಚ್ಚಿದರೆ ಹಳೆಯ ಸೂಜಿ ತೂತುಗಳ ಸಾಲು ಉಳಿಯುತ್ತದೆ. ಚಾರ್ಮ್ಯೂಸ್ ಆದರೆ ಒಳಮುಖದಿಂದ ಹಬೆ ಕೊಟ್ಟು ಉಗುರಿನಿಂದ ನವಿರಾಗಿ ಉಜ್ಜಿದಾಗ ಕೆಲವು ಮುಚ್ಚಿಕೊಳ್ಳುತ್ತವೆ, ಡಚೆಸ್‌ನಲ್ಲಿ ಆ ಆಸೆ ಬೇಡ. ಸಣ್ಣದು ಮಾಡಬಹುದು, ದೊಡ್ಡದು ಮಾಡಿದರೆ ಗುರುತು ಕಾಣುತ್ತದೆ. ಅದಕ್ಕೇ ಮೊದಲ ಟ್ರಯಲ್ ಕೋರಾ ಬಟ್ಟೆಯಲ್ಲಿ ಆಗಬೇಕು. ಕೋರಾದಲ್ಲೇ ಎಲ್ಲ ತಿದ್ದಿ, ಬಿಚ್ಚಿ, ಅದನ್ನೇ ಕಟಿಂಗ್‌ಗೆ ನಮೂನೆ ಮಾಡಿಕೊಂಡು ಆಮೇಲೆ ಸ್ಯಾಟಿನ್‌ಗೆ ಕತ್ತರಿ ಹಾಕಬೇಕು. ಇದು ಬೇಡ, ನೇರ ಹೊಲಿಯೋಣ ಎನ್ನುವವರ ಕೈಗೆ ಡಚೆಸ್ ಕೊಡದಿರುವುದೇ ಲೇಸು.

ಈಗ ಮಾಡಬಹುದಾದದ್ದು: ಬಿಚ್ಚುವ ಮೊದಲು ಮಾರ್ಜಿನ್ (ಹೊಲಿಗೆಯ ಆಚೆ ಒಳಗೆ ಉಳಿಸಿದ ಬಟ್ಟೆ) ಎಷ್ಟಿದೆ ನೋಡಿ, ಪಕ್ಕದಲ್ಲಿ 2 ಸೆಂ.ಮೀ. ಇದ್ದರೆ ಮಾತ್ರ ದಾರಿಯಿದೆ. ಗುರುತು ಕಂಡರೆ ಆ ಗೆರೆಯ ಮೇಲೆ ಅದೇ ಬಟ್ಟೆಯ ತೆಳು ಪಟ್ಟಿಯೋ ಲೇಸೋ ಮೇಲಿಂದ ಕೆಳಗಿನವರೆಗೆ ಕೂರಿಸಬಹುದು, ಬೇಕೆಂದೇ ಇಟ್ಟ ಅಲಂಕಾರದಂತೆ ಕಾಣುತ್ತದೆ. ಕೂತು ನೋಡುವುದನ್ನೂ ಮರೆಯಬೇಡಿ. ಪೃಷ್ಠದ ಹತ್ತಿರ ಹೊಲಿಗೆಯ ಎರಡೂ ಬದಿಯನ್ನು ಹೆಬ್ಬೆರಳಿನಲ್ಲಿ ಹಿಡಿದು ಎಳೆಯಿರಿ. ದಾರ ಗಟ್ಟಿಯಿದ್ದರೂ ಬಟ್ಟೆಯ ಎಳೆಗಳು ಸರಿದು ಏಣಿಯಂತೆ ಸಂದು ಬಿದ್ದರೆ, ಕೂರುತ್ತ ಏಳುತ್ತ ಅಲ್ಲೇ ಬಾಯಿ ಬಿಡುತ್ತದೆ. ತೇಲುವ ಎಳೆಗಳಿಗೆ ಒಂದನ್ನೊಂದು ಹಿಡಿದುಕೊಳ್ಳುವ ಬಲ ಕಮ್ಮಿ. ಸ್ಯಾಟಿನ್‌ನ ಬೆನ್ನಿಗೆ ರೇಷ್ಮೆಯ ಆರ್ಗಾಂಜಾ (ತೆಳುವಾದರೂ ಬಿರುಸಾದ ಬಟ್ಟೆ) ಅಥವಾ ತೆಳು ಹತ್ತಿಯನ್ನು ಸೇರಿಸಿ ಎರಡನ್ನೂ ಒಂದೇ ಬಟ್ಟೆಯೆಂಬಂತೆ ಹೊಲಿಯುವುದು, ಪೃಷ್ಠದ ಸುತ್ತಳತೆಗೆ 4–5 ಸೆಂ.ಮೀ. ಸಡಿಲ ಬಿಡುವುದು ಇದಕ್ಕೆ ಮದ್ದು.

ಪ್ರಶ್ನೆ: ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಮೊದಲ ಸಲ ಸ್ಯಾಟಿನ್ ಗೌನು ಒಪ್ಪಿಕೊಂಡಿದ್ದೇನೆ. ತುಂಡಿನ ಮೇಲೆ ಹೊಲಿದು ನೋಡಿದರೆ ಹೊಲಿಗೆ ಮುದುಡುತ್ತದೆ, ಇಸ್ತ್ರಿ ಮಾಡಿದರೆ ಮಾರ್ಜಿನ್ನಿನ ಅಚ್ಚು ಮೇಲೆ ಮೂಡುತ್ತದೆ.

ಉತ್ತರ: ಎರಡೂ ಹೊಸಬರನ್ನು ಕಾಡುವ ತೊಂದರೆಗಳೇ. ಬಿಗಿ ನೇಯ್ಗೆಯಲ್ಲಿ ದಾರ ಕೂರಲು ಜಾಗವಿಲ್ಲದೆ ಬಟ್ಟೆಯನ್ನು ತಳ್ಳುತ್ತದೆ, ಅದೇ ಮುದುಡು. ತುದಿ ಚೂಪಾದ ಮೈಕ್ರೋಟೆಕ್ಸ್ ಸೂಜಿ ಹಾಕಿ: ಚಾರ್ಮ್ಯೂಸ್‌ಗೆ 60 ಅಥವಾ 70, ಡಚೆಸ್‌ಗೆ 80. ಸಣ್ಣ ದಾರ, ಹೊಲಿಗೆಯ ಉದ್ದ 2ರಿಂದ 2.5 ಮಿ.ಮೀ., ಮೇಲಿನ ದಾರದ ಬಿಗಿ ಒಂದಷ್ಟು ಕಮ್ಮಿ. ಹೊಲಿಯುವಾಗ ಯಂತ್ರದ ಪಾದದ ಹಿಂದೆ ಮುಂದೆ ಎರಡೂ ಕೈಯಲ್ಲಿ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರಿ, ಆದರೆ ಎಳೆಯಬೇಡಿ. ಆರಂಭದಲ್ಲಿ ಹಿಂದೆ ಮುಂದೆ ಹೊಲಿಯದೆ ದಾರದ ತುದಿಗಳನ್ನು ಕೈಯಲ್ಲೇ ಗಂಟು ಹಾಕಿ. ಹಾಸಿನ ಎಳೆಗೆ ಸರಿಯಾಗಿ ಸಮಾಂತರ ಹೋಗುವ ಹೊಲಿಗೆ ಹೆಚ್ಚು ಮುದುಡುತ್ತದೆ, ಎ-ಲೈನಿನ ಓರೆ ಪಕ್ಕಗಳಲ್ಲಿ ಕಮ್ಮಿ. ಆದ್ದರಿಂದ ಲಂಗಕ್ಕೆ ನೇರ ತುಂಡುಗಳಿಗಿಂತ ಸ್ವಲ್ಪ ಓರೆಯಿರುವ ಕಲಿಗಳನ್ನೇ ಆರಿಸಿ.

ಕತ್ತರಿಸುವಾಗ ಎಲ್ಲ ಭಾಗಗಳೂ ಒಂದೇ ದಿಕ್ಕಿಗೆ ಇರಬೇಕು. ಒಂದು ತುಂಡು ತಲೆಕೆಳಗಾದರೂ ಹೊಳಪು ಬೇರೆಯಾಗಿ, ಬೇರೆ ಬಣ್ಣದ ಬಟ್ಟೆ ಜೋಡಿಸಿದಂತೆ ಕಾಣುತ್ತದೆ. ಇದಕ್ಕಾಗಿ ಅರ್ಧ ಮೀಟರಿನಿಂದ ಒಂದು ಮೀಟರಿನವರೆಗೆ ಹೆಚ್ಚು ಬಟ್ಟೆ ಬೇಕು, ಮೊದಲೇ ತರಿಸಿಕೊಳ್ಳಿ. ಒಂದೇ ಪದರದಲ್ಲಿ, ಅಡಿಗೆ ತೆಳು ಕಾಗದ ಹಾಸಿ ಕತ್ತರಿಸಿದರೆ ಜಾರುವುದಿಲ್ಲ. ಗುಂಡುಪಿನ್ನು ಮಾರ್ಜಿನ್ನಿನಲ್ಲಿ ಮಾತ್ರ. ಮೇಣದ ಚಾಕ್ ಬೇಡವೇ ಬೇಡ, ಇಸ್ತ್ರಿಯ ಬಿಸಿಗೆ ಕರಗಿ ಎಣ್ಣೆ ಕಲೆಯಾಗುತ್ತದೆ. ಗುರುತನ್ನು ದಾರದಲ್ಲೇ ಹಾಕಿ.

ಇಸ್ತ್ರಿ ಒಳಮುಖದಿಂದ, ಕಡಿಮೆ ಬಿಸಿಯಲ್ಲಿ, ನೀರು ಹಾಕದೆ. ಹೊಲಿಗೆಯನ್ನು ಗಟ್ಟಿಯಾಗಿ ಸುತ್ತಿದ ಬಟ್ಟೆಯ ಉರುಳೆಯ ಮೇಲಿಟ್ಟು ಬಿಡಿಸಿದರೆ ಮಾರ್ಜಿನ್ ಎರಡೂ ಬದಿಗೆ ಇಳಿದುಕೊಳ್ಳುತ್ತದೆ, ಅಚ್ಚು ಮೂಡದು. ಇಲ್ಲವಾದರೆ ಮಾರ್ಜಿನ್ನಿನ ಅಡಿಗೆ ಎರಡು ಬೆರಳಗಲದ ಕಂದು ಕಾಗದದ ಪಟ್ಟಿ ತೂರಿಸಿ. ಪಾಲಿಯೆಸ್ಟರ್‌ನಲ್ಲಿ ಬಿಸಿ ಹೆಚ್ಚಾಗಿ ಒಮ್ಮೆ ಅಚ್ಚು ಬಿದ್ದರೆ ಅದು ಶಾಶ್ವತ. ಕ್ರಾಸ್ ಕಟಿಂಗ್ ಆದರೆ ಕೆಳ ಅಂಚು ಮಡಿಸುವ ಮೊದಲು ಗೌನನ್ನು ಒಂದೆರಡು ದಿನ ತೂಗುಹಾಕಿ. ಬಟ್ಟೆ ತನ್ನ ಭಾರಕ್ಕೆ ಒಂದೊಂದು ಕಡೆ ಒಂದೊಂದಷ್ಟು ಇಳಿಯುತ್ತದೆ. ಆಮೇಲೆ, ಮದುಮಗಳಿಗೆ ಮದುವೆಗೆ ಹಾಕುವ ಚಪ್ಪಲಿಯನ್ನೇ ತೊಡಿಸಿ, ನೆಲದಿಂದ ಅಳೆದು ಸುತ್ತಲೂ ಸಮ ಮಾಡಿ.

ಪ್ರಶ್ನೆ: ಅತ್ತಿಗೆಯದು ಭುಜಪಟ್ಟಿ ಇಲ್ಲದ ಡಚೆಸ್ ಗೌನು. ಐದೈದು ನಿಮಿಷಕ್ಕೆ ಮೇಲೆ ಎಳೆದುಕೊಳ್ಳುತ್ತಿರಬೇಕು. ಎದೆಯಲ್ಲಿ ಇನ್ನೂ ಬಿಗಿ ಮಾಡಿಸಬೇಕೇ?

ಉತ್ತರ: ಬೇಡ. ಬಿಗಿ ಮಾಡಿದರೆ ಕಂಕುಳ ಹತ್ತಿರ ಮೈ ಉಬ್ಬಿ ಬರುತ್ತದೆ, ಗೌನು ಜಾರುವುದೂ ನಿಲ್ಲದು. ಲೆಕ್ಕ ಹಾಕಿ: 140 ಸೆಂ.ಮೀ. ಪನ್ನದ 7 ಮೀಟರ್ ಬಟ್ಟೆ, ಚದರ ಮೀಟರಿಗೆ 200 ಗ್ರಾಂ. ಮೇಲ್ಬಟ್ಟೆಯೊಂದೇ ಸುಮಾರು 2 ಕೆ.ಜಿ. ಅದರ ಮೇಲೆ ಲೈನಿಂಗ್, ಕ್ಯಾನ್‌ಕ್ಯಾನ್. ಈ ಭಾರ ಎದೆಯಿಂದ ನೇತಾಡುತ್ತಿದೆ, ಅದನ್ನು ಸೊಂಟಕ್ಕೆ ದಾಟಿಸಬೇಕು. ಕುಪ್ಪಸದ ಒಳಗೆ, ಸೊಂಟದ ಗೆರೆಯಲ್ಲಿ, 2.5 ಸೆಂ.ಮೀ. ಅಗಲದ ಗಟ್ಟಿ ಗ್ರೋಗ್ರೇನ್ ರಿಬ್ಬನ್ ಕೂರಿಸಲು ಹೇಳಿ. ಅದರ ಅಳತೆ ಗೌನಿನ ಸೊಂಟಕ್ಕಿಂತ 1–2 ಸೆಂ.ಮೀ. ಕಮ್ಮಿ ಇರಲಿ. ಹೊಲಿಗೆಗಳ ಮಾರ್ಜಿನ್ನಿಗೆ ಮಾತ್ರ ಅದನ್ನು ಹಿಡಿಸಬೇಕು, ಜಿಪ್ಪಿನ ಎರಡೂ ಬದಿ 5 ಸೆಂ.ಮೀ. ಬಿಡಿಯಾಗಿರಬೇಕು. ತೊಡುವಾಗ ಮೊದಲು ರಿಬ್ಬನ್ನಿನ ಹುಕ್ಕು, ಆಮೇಲೆ ಜಿಪ್. ಜಿಪ್ಪಿನ ಮೇಲೂ ಎಳೆತ ಬೀಳದು. ಕುಪ್ಪಸದಲ್ಲಿ ಬೋನಿಂಗ್ ಕಡ್ಡಿಗಳು ಸೊಂಟದವರೆಗೆ ಇಳಿದಿವೆಯೇ ನೋಡಿ. ಎದೆಯ ಕೆಳಗೇ ನಿಂತಿದ್ದರೆ ಮೇಲಂಚು ಮಡಚಿಕೊಳ್ಳುತ್ತದೆ.

ಪ್ರಶ್ನೆ: ಉದ್ದ ಸೆರಗಿನ ಗೌನು. ಊಟ, ಕುಣಿತದ ಹೊತ್ತಿಗೆ ಅದನ್ನು ಎತ್ತಿ ಕಟ್ಟುವುದು ಹೇಗೆ?

ಉತ್ತರ: ಸೆರಗಿನ ಮೇಲ್ಮೈಯಲ್ಲಿ ಸಣ್ಣ ಕುಣಿಕೆ, ಸೊಂಟದ ಹತ್ತಿರ ಗುಂಡಿ ಇಡುವುದು ಒಂದು ವಿಧಾನ. ಒಳಗೆ ಬಣ್ಣಬಣ್ಣದ ರಿಬ್ಬನ್ ಜೋಡಿಗಳನ್ನಿಟ್ಟು ಲಂಗದಡಿಯಲ್ಲೇ ಕಟ್ಟುವುದು ಇನ್ನೊಂದು. ಭಾರದ ಡಚೆಸ್‌ಗೆ ಎರಡನೆಯದು ಗಟ್ಟಿ. ಯಾವುದಾದರೂ ಸರಿ, ಕುಣಿಕೆ ಗುಂಡಿಗಳ ಹಿಂದೆ 2 ಸೆಂ.ಮೀ. ಚೌಕದ ಆರ್ಗಾಂಜಾ ತುಂಡು ಕೊಟ್ಟಿರಬೇಕು, ಇಲ್ಲದಿದ್ದರೆ ಭಾರಕ್ಕೆ ಸ್ಯಾಟಿನ್ ಕಿತ್ತು ಬರುತ್ತದೆ. ಆ ದಿನ ಕಟ್ಟಲಿರುವವರು ಕೊನೆಯ ಟ್ರಯಲ್‌ಗೆ ಬಂದು ಒಮ್ಮೆ ಕೈಯಾರೆ ಕಟ್ಟಿ ನೋಡಲಿ.

ಪ್ರಶ್ನೆ: ರೆಡಿಮೇಡ್ ಗೌನು ಡಬ್ಬದಲ್ಲಿ ಮಡಚಿ ಬಂದಿದೆ. ಮಡಿಕೆ ಗುರುತು ಹೋಗಿಸುವುದು ಹೇಗೆ?

ಉತ್ತರ: ಇಂದೇ ತೂಗುಹಾಕಿ. ಭುಜಪಟ್ಟಿಯಿಂದ ಬೇಡ, ಒಳಗಿನ ತೂಗುಪಟ್ಟಿಗಳಿಂದ. ಅರ್ಧ ಸುಕ್ಕು ತಾನೇ ಬಿಡುತ್ತದೆ. ಉಳಿದದ್ದಕ್ಕೆ ಹಬೆ ಯಂತ್ರವನ್ನು ಮೊದಲು ಬೇರೆ ಬಟ್ಟೆಯ ಮೇಲೆ ಒಂದು ನಿಮಿಷ ಓಡಿಸಿ. ಶುರುವಿಗೆ ಉಗುಳುವ ಹನಿಗಳು ಅಲ್ಲಿಗೇ ಮುಗಿಯಲಿ. ಆಮೇಲೆ ಒಳಮುಖದಿಂದ, ಸುಮಾರು ಒಂದು ಗೇಣು ದೂರದಿಂದ ಹಬೆ ಕೊಡಿ. ಪೂರ್ತಿ ಆರುವವರೆಗೆ ಮುಟ್ಟಬೇಡಿ.

ಪ್ರಶ್ನೆ: ಮದುವೆ ದಿನ ಕಲೆ ಬಿದ್ದರೆ? ಆಮೇಲೆ ಎತ್ತಿಡುವುದು ಹೇಗೆ?

ಉತ್ತರ: ಏನೇ ಬಿದ್ದರೂ ಉಜ್ಜಬೇಡಿ. ಉಜ್ಜಿದರೆ ತೇಲುವ ಎಳೆ ಮುರಿದು ಮಂಕು ಮಚ್ಚೆ ಉಳಿಯುತ್ತದೆ. ಕಲೆ ಹೋದೀತು, ಮಚ್ಚೆ ಹೋಗದು. ಎಣ್ಣೆಯಾದರೆ ಟಾಲ್ಕಂ ಪುಡಿ ಉದುರಿಸಿ ಕಾಲು ಗಂಟೆ ಬಿಟ್ಟು ಕೊಡವಿ. ಪಾಲಿಯೆಸ್ಟರ್ ಮೇಲೆ ಕಾಫಿ, ಪಾನೀಯ ಬಿದ್ದರೆ ಒಳಗೆ ಬಿಳಿ ಬಟ್ಟೆ ಹಿಡಿದು, ಹೊರಗಿಂದ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಒತ್ತಿ ತೆಗೆಯಿರಿ. ರೇಷ್ಮೆಗೆ ನೀರು ಬೇಡ, ಒಣ ಬಟ್ಟೆಯಲ್ಲಿ ಒತ್ತಿ ಬಿಟ್ಟುಬಿಡಿ. ಸೆಂಟು, ಡಿಯೋಡರೆಂಟ್ ಪೂರ್ತಿ ಆರಿದ ಮೇಲೆಯೇ ಗೌನು ತೊಡಲಿ.

ಡ್ರೈಕ್ಲೀನಿಂಗ್‌ಗೆ ಒಂದೆರಡು ವಾರದೊಳಗೆ ಕೊಡಿ. ಬಿಳಿ ವೈನ್, ಸೋಡಾಗಳ ಸಕ್ಕರೆ ಆಗ ಕಾಣುವುದಿಲ್ಲ, ತಿಂಗಳುಗಳು ಕಳೆದ ಮೇಲೆ ಕಂದು ಮಚ್ಚೆಯಾಗಿ ಏಳುತ್ತದೆ. ಎಲ್ಲೆಲ್ಲಿ ಏನು ಬಿದ್ದಿತ್ತೆಂದು ದಾರ ಕಟ್ಟಿ ಗುರುತು ಮಾಡಿ ಕೊಡಿ. ಬಂದ ಮೇಲೆ ಪ್ಲಾಸ್ಟಿಕ್ ಚೀಲ ಅಂದೇ ತೆಗೆದುಹಾಕಿ. ಕ್ರಾಸ್ ಕಟಿಂಗ್‌ನ ಗೌನನ್ನು ತೂಗುಹಾಕಿ ಇಟ್ಟರೆ ಇಳಿಯುತ್ತಲೇ ಹೋಗುತ್ತದೆ, ಮಲಗಿಸಿಯೇ ಇಡಬೇಕು. ಆಮ್ಲವಿಲ್ಲದ ತೆಳು ಕಾಗದವನ್ನು ಮಡಿಕೆಗಳ ನಡುವೆ ಉರುಳೆ ಮಾಡಿ ತುಂಬಿ, ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಬೆಳಕು ತೇವ ಇಲ್ಲದ ಕಡೆ ಇಡಿ. ಪಿನ್ನು, ಬ್ರೂಚುಗಳನ್ನು ತೆಗೆದಿಡಿ, ತುಕ್ಕು ಹಿಡಿಸುತ್ತವೆ. ವರ್ಷಕ್ಕೊಮ್ಮೆ ತೆರೆದು ಮಡಿಕೆಯ ಜಾಗ ಬದಲಿಸಿ.